ನಾಲ್ಕನೇ ಸಾಲು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಎಲ್ಲವೂ ಅಂದಾಜಿನ ಮೇಲೆ ನಡೆಯುತ್ತಿತ್ತು. ನೀಲಿ ತೊಟ್ಟಿಯವನು ಪುಡಿಯನ್ನು ಹಿಡಿ ಮುರಿದ ಮಗ್ಗಿನಲ್ಲಿ ಅಳೆಯುತ್ತಿದ್ದ. ಬಾಯ್ಲರಿನವನು ನೀರಿಗೆ ಬೆರಳು ಅದ್ದಿ, ಸುಟ್ಟರೆ ಸರಿ, ಸುಡದಿದ್ದರೆ ಇನ್ನೂ ಐದು ನಿಮಿಷ ಎನ್ನುತ್ತಿದ್ದ. ಮೇಸ್ತ್ರಿಯವರಂತೂ ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದು ಒಮ್ಮೆ ಉಸಿರೆಳೆದು, ತೆಗೀರಿ ಅಂದರೆ ತೆಗೆಯಬೇಕು, ಬಿಡಿ ಅಂದರೆ ಬಿಡಬೇಕು. ಮೂವತ್ತು ವರ್ಷದಿಂದ ಕಾರ್ಖಾನೆಯನ್ನು ನಡೆಸಿದ್ದು ಮಾಲೀಕರಲ್ಲ, ಆ ಮೂಗು.

ಇಂಥ ಅಂದಾಜಿನ ರಾಜ್ಯದಲ್ಲಿ, ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯೊಂದರಲ್ಲಿ, ತಕ್ಕಡಿ, ಗಾಜಿನ ಕೊಳವೆ, ಎರಡು ಕಡೆಯೂ ಚೂಪು ಮಾಡಿದ ಪೆನ್ಸಿಲ್ ಇಟ್ಟುಕೊಂಡು ಕೂತವಳು ಲೆಕ್ಕದಕ್ಕ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅರವತ್ತು ದಾಟಿದ ಮೇಸ್ತ್ರಿಯವರೂ ಅವಳನ್ನು ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ಮೋಲ್ ಅಂದರೇನು ಎಂದು ಯಾರಾದರೂ ಬಾಯಿ ತಪ್ಪಿ ಕೇಳಿದರೆ ಮುಗಿಯಿತು, ಅರ್ಧ ಗಂಟೆ ಬಿಡುತ್ತಿರಲಿಲ್ಲ. ಹನ್ನೆರಡಕ್ಕೆ ಡಜನ್ ಅನ್ನುವ ಹಾಗೆ ಎಣಿಸಲಾರದಷ್ಟು ದೊಡ್ಡದೊಂದು ಗುಂಪಿಗೆ ಮೋಲ್ ಅನ್ನುತ್ತಾರೆ. ಕಣಗಳು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ತೂಕ ಹಾಕಿ ಎಣಿಸುತ್ತೇವೆ. ಕಾಸ್ಟಿಕ್ ಸೋಡಾ ನಲವತ್ತು ಗ್ರಾಂ ತೂಗಿದರೆ ಒಂದು ಮೋಲ್. ಒಂದು ಲೀಟರಿನಲ್ಲಿ ಎಷ್ಟು ಮೋಲ್ ಕರಗಿದೆಯೋ ಅದು ಮೊಲಾರಿಟಿ. ಕೇಳಿದವನು ತಲೆಯಾಡಿಸಿ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದ. ಅವಳಿಗೆ ಬೇಸರವಿಲ್ಲ. ತಿಳಿಯದವರ ನಡುವೆ ತಿಳಿದವಳಾಗಿರುವ ಸುಖ ಅವಳಿಗೆ ಚೆನ್ನಾಗಿ ಒಗ್ಗಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋದವಳಲ್ಲ.

ಅವಳ ಮುಖ್ಯ ಕೆಲಸ ಶನಿವಾರದ್ದು. ವಾರವಿಡೀ ಬಟ್ಟೆ ತೊಳೆದ ಆಸಿಡ್ ನೀರು ಒಂದು ದೊಡ್ಡ ಟ್ಯಾಂಕಿನಲ್ಲಿ ನಿಲ್ಲುತ್ತಿತ್ತು, ಎರಡೂವರೆ ಸಾವಿರ ಲೀಟರ್. ಭಾನುವಾರ ಕಾರ್ಖಾನೆ ರಜೆ ಇದ್ದಾಗ ಅದನ್ನು ಗುಂಡಿಗೆ ಬಿಡಬೇಕು. ಆದರೆ ಅದೇ ಗುಂಡಿಯಲ್ಲಿ ಕಪ್ಪು ಬಣ್ಣದ ತೊಟ್ಟಿಯ ನೀರೂ ಇರುತ್ತಿತ್ತು, ಗಂಧಕ ತುಂಬಿದ ಹಾಳು ನೀರು. ಅದಕ್ಕೆ ಆಸಿಡ್ ತಗುಲಿದರೆ ಕೊಳೆತ ಮೊಟ್ಟೆಯ ವಾಸನೆಯ ಗಾಳಿ ಏಳುತ್ತದೆ, ಆ ಗಾಳಿ ಮನುಷ್ಯನನ್ನು ಉಳಿಸುವುದಿಲ್ಲ. ಹಾಗಾಗಿ ಟ್ಯಾಂಕಿಗೆ ಮೊದಲು ಕಾಸ್ಟಿಕ್ ಸೋಡಾ ಸುರಿದು ಆಸಿಡ್ಡನ್ನು ಪೂರ್ತಿ ಸಾಯಿಸಿ ಆಮೇಲೆ ಬಿಡಬೇಕು. ಎಷ್ಟು ಸೋಡಾ ಎಂಬುದನ್ನು ಹೇಳುವವಳು ಲೆಕ್ಕದಕ್ಕ. ಐದು ಸಾಲಿನ ಲೆಕ್ಕ, ಕೆಳಗೆ ಸಹಿ, ಬಿಡಬೇಕಾದ ಹೊತ್ತು. ಆ ಚೀಟಿಯನ್ನು ಮೇಸ್ತ್ರಿಯವರು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಇಡೀ ಕಾರ್ಖಾನೆಯಲ್ಲಿ ತಮ್ಮ ಮೂಗಿಗಿಂತ ಹೆಚ್ಚಾಗಿ ಅವರು ನಂಬುತ್ತಿದ್ದುದು ಅದೊಂದನ್ನೇ.

ಟ್ಯಾಂಕಿನ ವಾಲ್ವ್ ತೆಗೆಯುವವನು ಅವಳ ಸ್ವಂತ ತಮ್ಮ. ಗುಂಡಿಯ ಶೆಡ್ಡು ನೆಲಮಟ್ಟಕ್ಕಿಂತ ಕೆಳಗಿತ್ತು. ಎಂಟು ಮೆಟ್ಟಿಲು ಇಳಿದು, ಕತ್ತಲಲ್ಲಿ ನಿಂತು, ಕಬ್ಬಿಣದ ಚಕ್ರ ತಿರುಗಿಸಬೇಕು. ಚೀಟಿಯ ಐದನೇ ಸಾಲು ತಪ್ಪಾದರೆ ಮೊದಲು ಹೋಗುವ ಜೀವ ತಮ್ಮನದು ಎಂಬುದು ಅವಳಿಗೆ ಗೊತ್ತಿರದ ವಿಷಯವಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನು ಮಗಳನ್ನು ಎತ್ತಿಕೊಂಡು ಅಕ್ಕನ ಮನೆಗೇ ಬಂದಿದ್ದ. ಆಗ ಮಗುವಿಗೆ ನಾಲ್ಕು ವರ್ಷ, ಈಗ ಹೈಸ್ಕೂಲು. ಮನೆಯಲ್ಲಿ ಹುಡುಗಿ ಎಲ್ಲರಿಗೂ ಗುಬ್ಬಿ, ಅವಳಿಗೆ ಲೆಕ್ಕದಕ್ಕ ಅತ್ತೆ.

ನಾಲ್ಕು ವರ್ಷದ ಹಿಂದೆ ಒಂದು ಜಗಳ ಆಗಿತ್ತು. ಸೋಡಾ ಸುರಿದ ಮೇಲೆ ತಮ್ಮ ಟ್ಯಾಂಕಿನ ಮೇಲೆ ಬಗ್ಗಿ ಲಿಟ್ಮಸ್ ಕಾಗದದ ಚೂರು ಅದ್ದುತ್ತಿದ್ದುದನ್ನು ಲೆಕ್ಕದಕ್ಕ ನೋಡಿಬಿಟ್ಟಳು. ನೀಲಿ ಕಾಗದ ಕೆಂಪಾದರೆ ಆಸಿಡ್ ಇನ್ನೂ ಇದೆ ಎಂದರ್ಥ; ಅದು ನೀಲಿಯಾಗೇ ಇತ್ತು. ಅಂದರೆ ಲೆಕ್ಕ ಸರಿಯಾಗಿತ್ತು. ಆದರೂ ಅವಳಿಗೆ ಉರಿದುಹೋಯಿತು. ನನ್ನ ಲೆಕ್ಕದ ಮೇಲೆ ಹೊರಗಿನವರಿಗಿರುವ ನಂಬಿಕೆ ನಿನಗಿಲ್ಲವಾ ಎಂದು ಮುಖ ಊದಿಸಿಕೊಂಡು ಒಂದು ವಾರ ಮಾತು ಬಿಟ್ಟಳು. ಎಂಟನೇ ದಿನ ಅವನೇ ಬಂದು, ಇನ್ನು ಅದ್ದಲ್ಲ ಬಿಡಕ್ಕ, ಎಂದ. ಅವಳು ಗೆದ್ದೆ ಎಂದುಕೊಂಡಳು.

ಈ ವರ್ಷ ಕಾರ್ಖಾನೆಯವರು ಆಸಿಡ್ ಬದಲಾಯಿಸಿದರು. ಹಿಂದೆ ಬರುತ್ತಿದ್ದುದು ಹೈಡ್ರೋಕ್ಲೋರಿಕ್. ಈಗ ಸಲ್ಫ್ಯೂರಿಕ್ ಬಂತು. ಬೇರೆ ಯಾರಾದರೂ ಆಗಿದ್ದರೆ ಹಳೆ ಲೆಕ್ಕವನ್ನೇ ಎಳೆಯುತ್ತಿದ್ದರೇನೋ. ಲೆಕ್ಕದಕ್ಕ ಆ ದಿನವೇ ಮೂವತ್ತಾರೂವರೆಯನ್ನು ಹೊಡೆದುಹಾಕಿ ತೊಂಬತ್ತೆಂಟು ಎಂದು ಬರೆದಳು, ಹೊಸ ಆಸಿಡ್ಡಿನ ಒಂದು ಮೋಲಿನ ತೂಕ ಅದು. ಬರೆದು, ಮೇಸ್ತ್ರಿಯವರಿಗೂ ತೋರಿಸಿದಳು. ಅಂದಿನಿಂದ ಚೀಟಿ ಹೀಗಿರುತ್ತಿತ್ತು: ಒಂದನೇ ಸಾಲು, ಲೀಟರಿಗೆ ನಲವತ್ತೊಂಬತ್ತು ಗ್ರಾಂ ಆಸಿಡ್. ಎರಡನೇ ಸಾಲು, ಅದನ್ನು ತೊಂಬತ್ತೆಂಟರಿಂದ ಭಾಗಿಸಿದರೆ ಅರ್ಧ ಮೊಲಾರ್. ಮೂರನೇ ಸಾಲು, ಎರಡೂವರೆ ಸಾವಿರ ಲೀಟರಿಗೆ ಸಾವಿರದ ಇನ್ನೂರೈವತ್ತು ಮೋಲ್ ಆಸಿಡ್. ನಾಲ್ಕನೇ ಸಾಲು, ಬೇಕಾದ ಸೋಡಾವೂ ಅಷ್ಟೇ ಮೋಲ್. ಐದನೇ ಸಾಲು, ನಲವತ್ತರಿಂದ ಗುಣಿಸಿದರೆ ಐವತ್ತು ಕೆಜಿ, ಎರಡು ಮೂಟೆ. ಹದಿನಾಲ್ಕು ವಾರ ಹೀಗೇ ನಡೆಯಿತು.

ಈ ಹದಿನಾಲ್ಕು ವಾರದಲ್ಲಿ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಸ್ಟೋರಿನಲ್ಲಿ ಸೋಡಾ ಮೂಟೆ ಕಡಿಮೆಯಾಗುತ್ತಿತ್ತು, ಚೀಟಿಯಲ್ಲಿ ಬರೆದದ್ದಲ್ಲದೆ ಪ್ರತಿ ವಾರ ಇನ್ನೂ ಎರಡು. ಒಂದು ವಾರ ಮಾತ್ರ ಮೂರು ಹೋಗಿತ್ತು. ಪುಸ್ತಕ ತಿರುವಿದಾಗ ಗೊತ್ತಾಯಿತು, ಆ ವಾರ ಆಸಿಡ್ ಗಟ್ಟಿಯಾಗಿ ಅವಳೂ ಮೂರು ಮೂಟೆ ಬರೆದಿದ್ದಳು. ಅವಳು ಎಷ್ಟು ಬರೆದರೆ ಅಷ್ಟೇ ಮಾಯ. ಕಳ್ಳನಿಗೂ ಲೆಕ್ಕ ಬರುತ್ತದಲ್ಲ ಎಂದು ನಕ್ಕಳು. ಆ ನಗುವಿನ ಹತ್ತಿರವೇ ಒಂದು ಕ್ಷಣ ನಿಂತು ಯೋಚಿಸಿದ್ದರೆ ಆಗುತ್ತಿತ್ತು. ನಿಲ್ಲಲಿಲ್ಲ.

ಶುಕ್ರವಾರ ಮೇಸ್ತ್ರಿಯವರಿಗೆ ಹೇಳಿದಳು. ಶನಿವಾರ ಸ್ಟೋರಿಗೆ ಹೊಸ ಬೀಗ ಬಿತ್ತು. ಭಾನುವಾರಕ್ಕೆ ಬೇಕಾದ ಎರಡು ಮೂಟೆ ಮಾತ್ರ ಟ್ಯಾಂಕಿನ ಪಕ್ಕದಲ್ಲಿಟ್ಟು, ಬೀಗದ ಕೈಯನ್ನು ತನ್ನ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಕಳ್ಳನನ್ನು ಕೈಯಾರೆ ಹಿಡಿಯಲು ಭಾನುವಾರ ತಾವೂ ಬರುತ್ತೇವೆಂದು ಮೇಸ್ತ್ರಿಯವರು ಹೇಳಿದ್ದರು. ಊಟಕ್ಕೆ ಕೂತಾಗ ಇದನ್ನೆಲ್ಲ ಬಣ್ಣ ಕಟ್ಟಿ ಹೇಳಿದಳು. ತಮ್ಮ ಅನ್ನ ಕಲಸುತ್ತಲೇ ಇದ್ದ. ಕೊನೆಗೆ, ಕೀ ಯಾರ ಹತ್ರ ಇದೆ, ಎಂದು ಕೇಳಿದ. ನನ್ನ ಹತ್ತಿರವೇ ಇದೆ, ಸ್ವಂತ ತಮ್ಮ ಕೇಳಿದರೂ ಕೊಡುವುದಿಲ್ಲ ಎಂದು ಅವಳು ತಮಾಷೆ ಮಾಡಿದಳು.

"ಅಕ್ಕಾ," ಎಂದ ಅವನು.

"ಏನು?"

"ಏನಿಲ್ಲ. ಉಪ್ಪು ಕೊಡು."

ಭಾನುವಾರ ಬೆಳಿಗ್ಗೆ ಏಳಕ್ಕೇ ಅವನು ಹೊರಟುಹೋದ. ಒಂಬತ್ತೂವರೆ ಹೊತ್ತಿಗೆ ಮನೆ ಗುಡಿಸಿ ಒರೆಸಿ ಆಗಿತ್ತು. ಗುಬ್ಬಿ ರಸಾಯನಶಾಸ್ತ್ರದ ಪುಸ್ತಕ ಹರಡಿಕೊಂಡು ಕಿಟಕಿಯ ಹತ್ತಿರ ಕೂತಳು, ಅತ್ತೆ ಪಕ್ಕದಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಸೋಮವಾರ ಪರೀಕ್ಷೆ, ಪಾಠ, ಮೋಲ್ ಮತ್ತು ಮೊಲಾರಿಟಿ. ಅತ್ತೆಗೆ ಇದಕ್ಕಿಂತ ಹಬ್ಬ ಬೇರೆ ಬೇಕೇ. ಹುಡುಗಿ ಒಂದೊಂದೇ ಲೆಕ್ಕ ಓದುವುದು, ಇವಳು ಬಟ್ಟೆಯಿಂದ ಕಣ್ಣು ತೆಗೆಯದೆ ಉತ್ತರ ಹೇಳುವುದು.

ಏಳನೇ ಲೆಕ್ಕ ಓದಿದಳು. ಅರ್ಧ ಮೊಲಾರ್ ಸಲ್ಫ್ಯೂರಿಕ್ ಆಮ್ಲ ಎರಡು ಲೀಟರ್ ಇದೆ, ಅದನ್ನು ಪೂರ್ತಿ ತಟಸ್ಥಗೊಳಿಸಲು ಎಷ್ಟು ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ, ಬೇಕು.

"ನಲವತ್ತು," ಎಂದಳು ಅತ್ತೆ.

ಹುಡುಗಿ ಪುಸ್ತಕದ ಕೊನೆಯ ಹಾಳೆ ತಿರುಗಿಸಿ ನೋಡಿ, ಉತ್ತರ ಎಂಬತ್ತು ಅಂತಿದೆ ಎಂದಳು. ಅಚ್ಚಿನವರು ತಪ್ಪು ಮಾಡಿರುತ್ತಾರೆ ಎಂದಳು ಅತ್ತೆ, ದಿಂಬಿನ ಚೀಲವೊಂದನ್ನು ಕೊಡವುತ್ತಾ. ಎರಡು ಲೀಟರ್, ಅರ್ಧ ಮೊಲಾರ್, ಅಂದರೆ ಒಂದು ಮೋಲ್ ಆಸಿಡ್, ಒಂದು ಮೋಲಿಗೆ ಒಂದು ಮೋಲ್ ಸೋಡಾ, ನಲವತ್ತು ಗ್ರಾಂ. ಕಡ್ಡಿ ಮುರಿದಂತೆ ಹೇಳಿ ಮುಗಿಸಿದಳು. ಹುಡುಗಿ ಲೆಕ್ಕವನ್ನು ಇನ್ನೊಮ್ಮೆ ಬರೆದು ನೋಡಿದಳು. ಅತ್ತೆಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

"ಇಲ್ಲ ಅತ್ತೆ. ಹೈಡ್ರೋಕ್ಲೋರಿಕ್ ಆದ್ರೆ ಒಂದಕ್ಕೊಂದು. ಸಲ್ಫ್ಯೂರಿಕ್‌ಗೆ ಎರಡು ಕೈ ಇದೆ ಅಂದ್ರು ಮಿಸ್ಸು. ಒಂದು ಸೋಡಾ ಒಂದು ಕೈನ ಮಾತ್ರ ಹಿಡ್ಕೊಳ್ಳುತ್ತೆ. ಇನ್ನೊಂದು ಕೈ ಹಾಗೇ ಇರುತ್ತೆ. ಅದಕ್ಕೆ ಎರಡು ಮೋಲ್ ಬೇಕು."

ದಿಂಬಿನ ಚೀಲ ಅತ್ತೆಯ ಕೈಯಲ್ಲೇ ಉಳಿಯಿತು. ಗೊತ್ತಿಲ್ಲದ ಮಾತೇ ಇದು? ಮೂವತ್ತು ವರ್ಷದ ಹಿಂದೆ ಅವಳೂ ಶಾಲೆಯ ಬೆಂಚಿನ ಮೇಲೆ ಕೂತು ಇದನ್ನೇ ಕಲಿತವಳು. ಆದರೆ ಹನ್ನೊಂದು ವರ್ಷ ವಾರ ವಾರವೂ ಒಂದಕ್ಕೊಂದು, ಒಂದಕ್ಕೊಂದು ಎಂದು ಬರೆದೂ ಬರೆದೂ ಆ ನಾಲ್ಕನೇ ಸಾಲು ಲೆಕ್ಕವಾಗಿ ಉಳಿದಿರಲಿಲ್ಲ, ಕೈಯ ರೂಢಿಯಾಗಿತ್ತು. ಮಗ್ಗಿನಲ್ಲಿ ಅಳೆಯುವವನದೂ ಬೆರಳು ಅದ್ದುವವನದೂ ರೂಢಿ ಎಂದು ನಕ್ಕವಳು ತಾನೇ.

ಸಾವಿರದ ಇನ್ನೂರೈವತ್ತಲ್ಲ, ಎರಡೂವರೆ ಸಾವಿರ ಮೋಲ್. ಐವತ್ತಲ್ಲ, ನೂರು ಕೆಜಿ. ಹದಿನಾಲ್ಕು ಭಾನುವಾರ ಅರ್ಧ ಆಸಿಡ್ ಟ್ಯಾಂಕಿನಲ್ಲಿ ಜೀವಂತವಾಗಿ ಉಳಿದಿತ್ತು, ಹದಿನಾಲ್ಕು ಭಾನುವಾರ ತಮ್ಮ ಎಂಟು ಮೆಟ್ಟಿಲು ಇಳಿದು ಅದನ್ನೇ ಗುಂಡಿಗೆ ಬಿಟ್ಟಿದ್ದ. ಹಾಗಾದರೆ ಅವನು ಬದುಕಿರುವುದು ಹೇಗೆ? ಹದಿನಾಲ್ಕು ಸಲ ಏನೂ ಆಗಲಿಲ್ಲವೆಂದರೆ ಈ ಪುಸ್ತಕವೇ ತಪ್ಪಿರಬೇಕು, ಮಿಸ್ಸು ತಪ್ಪು ಹೇಳಿಕೊಟ್ಟಿರಬೇಕು. ಮುಳುಗುವವಳ ಹಾಗೆ ಅವಳು ಈ ಆಸೆಗೆ ಜೋತುಬಿದ್ದಳು.

ಹುಡುಗಿ ಅತ್ತೆಯ ಮುಖ ನೋಡಿ ಗಾಬರಿಯಾದಳು. ತಾನು ಏನೋ ತಪ್ಪು ಹೇಳಿದೆ ಅಂದುಕೊಂಡು, ಬೇಕಾದರೆ ತೋರಿಸುತ್ತೇನೆ, ಸ್ವಲ್ಪ ಆಸಿಡ್ ಸಿಕ್ಕರೆ ಲಿಟ್ಮಸ್ ಅದ್ದಿ ನೋಡಬಹುದು ಎಂದು ಪೆನ್ಸಿಲ್ ಡಬ್ಬಿ ತೆಗೆದು ಹುಡುಕಿದಳು. ಬೆಂಕಿಪೊಟ್ಟಣದಷ್ಟು ಚಿಕ್ಕ ಪುಸ್ತಕ, ಒಳಗೆ ನೀಲಿ ಕಾಗದದ ಪಟ್ಟಿಗಳು. ಅದರಲ್ಲಿ ಮುಕ್ಕಾಲು ಭಾಗ ಹರಿದುಹೋಗಿ ಬರೀ ಬುಡ ಉಳಿದಿತ್ತು.

"ಇಷ್ಟೊಂದು ಯಾರು ಹರಿದ್ರು?" ಎಂದು ಕೇಳಿದಳು ಅತ್ತೆ.

"ಅಪ್ಪ. ಪ್ರತಿ ಭಾನುವಾರ ಎರಡು ಹರ್ಕೊಂಡು ಹೋಗ್ತಾರೆ, ಸುಮಾರು ವರ್ಷದಿಂದ. ಖಾಲಿಯಾದ್ರೆ ಅವರೇ ಹೊಸದು ತಂದುಕೊಡ್ತಾರೆ. ಅತ್ತೆಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ ಅಂದಿದ್ರು."

ಆಗ ಎಲ್ಲವೂ ಒಂದರ ಹಿಂದೆ ಒಂದು ಬಂದು ಅವಳ ಎದೆಗೆ ಗುದ್ದಿದವು. ಅವನು ಅದ್ದುವುದನ್ನು ಬಿಟ್ಟಿರಲಿಲ್ಲ. ಅಕ್ಕನ ಕಣ್ಣಿಗೆ ಬೀಳದ ಹಾಗೆ ಅದ್ದುತ್ತಿದ್ದ. ಹದಿನಾಲ್ಕು ವಾರದಿಂದ ಕಾಗದ ಕೆಂಪಾಗುತ್ತಿತ್ತು. ಕೆಂಪಾದಾಗಲೆಲ್ಲ ಅವನು ಸ್ಟೋರಿಗೆ ಹೋಗಿ ಮೂಟೆ ತಂದು, ಕಾಗದ ನೀಲಿಯಾಗಿ ಉಳಿಯುವವರೆಗೆ ಸುರಿಯುತ್ತಿದ್ದ. ಎರಡು ಬರೆದ ವಾರ ಎರಡು, ಮೂರು ಬರೆದ ವಾರ ಮೂರು. ಅವಳು ಹಿಡಿಯಲು ಹೊರಟ ಕಳ್ಳ, ಅವಳ ತಪ್ಪನ್ನು ವಾರ ವಾರ ಹೆಗಲ ಮೇಲೆ ಹೊತ್ತು ಸರಿಮಾಡುತ್ತಿದ್ದ ಒಡಹುಟ್ಟಿದವನು. ಅವನು ಇಂದು ಸ್ಟೋರಿಗೆ ಹೋದರೆ ಹೊಸ ಬೀಗ. ಅದರ ಕೀ ಇಲ್ಲಿ, ಗೋಡೆಯ ಮೊಳೆಗೆ ತೂಗುಹಾಕಿದ ಚೀಲದಲ್ಲಿ.

ಗಡಿಯಾರ ಹತ್ತು ಹತ್ತು ತೋರಿಸುತ್ತಿತ್ತು. ವಾಲ್ವ್ ತೆಗೆಯುವ ಹೊತ್ತು ಎಂದು ಚೀಟಿಯಲ್ಲಿ ಅವಳು ಬರೆದಿದ್ದು ಹತ್ತೂವರೆ.

ತಮ್ಮನ ಫೋನಿಗೆ ಮಾಡಿದಳು, ಮೇಸ್ತ್ರಿಯವರದಕ್ಕೆ ಮಾಡಿದಳು. ಎರಡೂ ರಿಂಗಾಗಿ ರಿಂಗಾಗಿ ನಿಂತವು. ಒಳಗೆ ಫೋನ್ ಒಯ್ಯುವಂತಿಲ್ಲ, ಗೇಟಿನ ಹತ್ತಿರದ ಡ್ರಾಯರಿನಲ್ಲಿಟ್ಟು ಹೋಗಬೇಕು. ಭಾನುವಾರ ಗೇಟಿನವನಿಗೂ ರಜೆ. ಖಾಲಿ ಕೋಣೆಯ ಡ್ರಾಯರಿನಲ್ಲಿ ಎರಡು ಫೋನು ಒಂದರ ಪಕ್ಕ ಒಂದು ಬಡಿದುಕೊಳ್ಳುವುದು ಅವಳ ಕಣ್ಣಿಗೆ ಕಟ್ಟಿತು. ಚೀಲ ಕಿತ್ತುಕೊಂಡು, ಮನೆ ಬಿಟ್ಟು ಎಲ್ಲಿಗೂ ಬರಬೇಡ ಎಂದು ಹುಡುಗಿಗೆ ಹೇಳಿ ಓಡಿದಳು.

ರಜೆಯ ಬೀದಿ ಎಂದಿನಂತಿತ್ತು. ಒಬ್ಬ ತನ್ನ ಸ್ಕೂಟರ್ ತೊಳೆಯುತ್ತಿದ್ದ. ಮಹಡಿಯೊಂದರ ಮೇಲೆ ಯಾರೋ ಹಾಸಿಗೆ ಬಡಿಯುತ್ತಿದ್ದರು, ಆ ಸದ್ದು ಅವಳ ಹೆಜ್ಜೆಗೆ ತಾಳ ಹಾಕಿದಂತೆ ಬೆನ್ನಟ್ಟಿತು. ನಲವತ್ತಾರು ವರ್ಷದ ಹೆಂಗಸು ಹೀಗೆ ಚಪ್ಪಲಿ ಕೈಯಲ್ಲಿ ಹಿಡಿದು ಓಡುವುದನ್ನು ಕಂಡು ಇಬ್ಬರು ಹುಡುಗಿಯರು ನಕ್ಕರು. ಅವಳಿಗೆ ಅದು ಕೇಳಿಸಿತು, ತಾಗಲಿಲ್ಲ. ತಮ್ಮ ಇಳಿದಿರಬಾರದು, ಇಳಿದಿರಬಾರದು ಎಂದಷ್ಟೇ ಬಾಯಲ್ಲಿತ್ತು.

ಹಾಲಿನ ಬೂತಿನ ತಿರುವಿನಲ್ಲಿ ಎದುರಿನಿಂದ ಒಬ್ಬ ಬರುತ್ತಿದ್ದ, ಅರ್ಧ ನಡಿಗೆ ಅರ್ಧ ಓಟ. ತಮ್ಮ. ಅವಳು ಬೂತಿನ ಕಂಬ ಹಿಡಿದು ನಿಂತಳು. ಬದುಕಿದ್ದಾನೆ. ಹೋದ ಜೀವ ಬಂದಂತಾಗಿ ಅಳುವೇ ಬಂತು.

ಅವನು ಬಂದದ್ದು ಕೀಗಾಗಿ. ಏದುಸಿರಿನಲ್ಲಿ ಹೇಳಿದ: ಬೆಳಿಗ್ಗೆ ಎರಡು ಮೂಟೆ ಸುರಿದಾಯಿತು, ಕಾಗದ ಇನ್ನೂ ಕೆಂಪು. ಬೀಗದ ಹತ್ತಿರ ಮೇಸ್ತ್ರಿ ಹಿಡಿದರು. ಸೋಡಾ ಕದ್ದಿದ್ದು ನೀನಾ ಅಂದರು, ಹೌದು ಅಂದೆ. ಯಾಕೆ ಅಂದರು, ಅಕ್ಕನ ಹತ್ತಿರ ಹೋಗಿ ಕೀ ತರುತ್ತೇನೆ, ಆಮೇಲೆ ಹೇಳುತ್ತೇನೆ, ಅಲ್ಲಿಯವರೆಗೆ ವಾಲ್ವ್ ಮುಟ್ಟಬೇಡಿ ಅಂದೆ.

"ಕೆಂಪಾಗಿದೆ ಅಂತ ಹೇಳಿದ್ಯಾ?"

ಅವನು ನೆಲ ನೋಡಿದ. "ಹೆಂಗೆ ಹೇಳ್ಲಿ ಅಕ್ಕ. ಹೇಳಿದ್ರೆ ನಿನ್ನ ಲೆಕ್ಕ ತಪ್ಪು ಅಂದ ಹಾಗಲ್ವಾ."

"ಮೇಸ್ತ್ರಿ ಏನಂದ್ರು?"

"ಲೆಕ್ಕದಕ್ಕ ಹತ್ತೂವರೆ ಅಂತ ಬರ್ದಿದ್ದಾಳೆ, ಹತ್ತೂವರೆವರೆಗೆ ಕಾಯ್ತೀನಿ ಅಂದ್ರು."

ಅವಳು ಕೈಗಡಿಯಾರ ನೋಡಿದಳು. ಹತ್ತು ಇಪ್ಪತ್ತಾರು. ಇಲ್ಲಿಂದ ಕಾರ್ಖಾನೆಗೆ ಎಷ್ಟು ಓಡಿದರೂ ಹತ್ತು ನಿಮಿಷದ ದಾರಿ. ಮೇಸ್ತ್ರಿಯವರು ಒಂದು ನಿಮಿಷ ಹಿಂದೆ ಮುಂದೆ ಮಾಡುವ ಜನವಲ್ಲ, ಅದರಲ್ಲೂ ಅವಳ ಚೀಟಿಯ ವಿಷಯದಲ್ಲಿ. ಇಬ್ಬರೂ ಓಡಿದರು. ಅಕ್ಕ ಹಿಂದೆ ಬಿದ್ದಾಗ ತಮ್ಮ ಅವಳ ಕೈ ಹಿಡಿದು ಎಳೆದುಕೊಂಡು ಓಡಿದ, ಚಿಕ್ಕಂದಿನಲ್ಲಿ ಅವಳು ಅವನನ್ನು ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದ ಹಾಗೆ.

ಕಾರ್ಖಾನೆಯ ಕಾಂಪೌಂಡಿನ ಮೂಲೆ ತಿರುಗುವಾಗಲೇ ವಾಸನೆ ಹೊಡೆಯಿತು, ಕೊಳೆತ ಮೊಟ್ಟೆ. ಎಂದಿನ ಹಾಗೆ ಇದ್ದೂ ಇಲ್ಲದಂತಲ್ಲ. ಗಂಟಲಿಗೆ ಇಳಿದು ಕಣ್ಣಲ್ಲಿ ನೀರು ತರಿಸಿತು. ಇಬ್ಬರೂ ಸೆರಗು, ಅಂಗಿ ಮೂಗಿಗೆ ಒತ್ತಿಕೊಂಡು ಗೇಟು ದಾಟಿದರು. ಅಂಗಳದಲ್ಲಿ ಹತ್ತು ಹೆಜ್ಜೆ ಹೋಗಿರಬೇಕು, ವಾಸನೆ ನಿಂತುಹೋಯಿತು. ಒಂದೇ ಸಲಕ್ಕೆ, ದೀಪ ಆರಿದ ಹಾಗೆ.

"ಹೋಯ್ತಲ್ಲ, ಗಾಳಿ ತಿರುಗ್ತು," ಎಂದು ತಮ್ಮ ಮುಂದೆ ಹೆಜ್ಜೆ ಹಾಕಿದ.

ಲೆಕ್ಕದಕ್ಕ ಅವನ ಅಂಗಿ ಹಿಡಿದು ನಿಲ್ಲಿಸಿದಳು. ಆ ಗಾಳಿ ಮೊದಲು ಕೊಲ್ಲುವುದು ಮೂಗನ್ನು ಎಂದು ಅವಳು ಓದಿದ್ದಳು. ಸ್ವಲ್ಪ ಇದ್ದಾಗ ನಾರುತ್ತದೆ. ಬಹಳ ಆದಾಗ ಮೂಗೇ ಸಾಯುತ್ತದೆ, ವಾಸನೆ ಎಲ್ಲಿಂದ ಬರಬೇಕು. ವಾಸನೆ ಇಲ್ಲದ ಜಾಗವೇ ಈಗ ಸಾವಿನ ಜಾಗ. ಮೂವತ್ತು ವರ್ಷ ಮೂಗನ್ನೇ ನಂಬಿದ ಮೇಸ್ತ್ರಿಯವರು ಆ ಮೆಟ್ಟಿಲು ಇಳಿದು ಚಕ್ರ ತಿರುಗಿಸಿದ ಮೇಲೆ, ವಾಸನೆ ಬಂದು ಹೋಯಿತು, ಎಲ್ಲ ಸರಿಯಾಗಿದೆ ಎಂದೇ ಅಂದುಕೊಂಡಿರುತ್ತಾರೆ.

ತಮ್ಮನನ್ನು ಹಿಂದಕ್ಕೆ, ಗಾಳಿ ಬೀಸಿ ಬರುವ ದಿಕ್ಕಿನ ಗೋಡೆಯ ಕಡೆಗೆ ಎಳೆದಳು. ಅಲ್ಲಿಂದ ಶೆಡ್ಡಿನ ಬಾಗಿಲು ಕಾಣುತ್ತಿತ್ತು. ಬಾಗಿಲು ತೆರೆದಿತ್ತು. ಮೇಲಿನ ಮೆಟ್ಟಿಲ ಮೇಲೆ ಒಂದು ಕೈ ಇತ್ತು, ಅಂಗೈ ಮೇಲಾಗಿ. ಹತ್ತಿ ಬರಲು ನೋಡಿದ್ದರು. ಒಂದೇ ಮೆಟ್ಟಿಲು ಉಳಿದಿತ್ತು.

ತಮ್ಮ ನೋಡಿದ. ನೋಡಿದವನೇ ಅತ್ತ ಹಾರಿದ. ಅವಳು ಅವನ ಮೇಲೆ ಬಿದ್ದಳು, ಇಬ್ಬರೂ ನೆಲಕ್ಕೆ ಉರುಳಿದರು. ಅವನು ಏಳುತ್ತಿದ್ದಂತೆ ಅವಳು ಕಾಲು ಹಿಡಿದಳು, ಎರಡೂ ಕಾಲನ್ನು ಎರಡೂ ತೋಳಿನಿಂದ, ಮುಖವನ್ನು ಅವನ ಮೊಣಕಾಲಿಗೆ ಒತ್ತಿ.

"ಬಿಡಕ್ಕ. ಹತ್ತು ಹೆಜ್ಜೆ, ಎಳ್ಕೊಂಡು ಬಂದ್ಬಿಡ್ತೀನಿ. ಕೈ ಅಲ್ಲಾಡ್ತು, ನಾನ್ ನೋಡ್ದೆ."

"ಇಳಿದವನು ಬರಲ್ಲ. ಎಳೆಯೋಕೆ ಹೋದವನೂ ಬರಲ್ಲ."

"ನಂಗೋಸ್ಕರ ಕಾದ್ರು ಅವರು. ನಾನ್ ಒಂದು ಮಾತು ಹೇಳಿದ್ರೆ..."

"ನನ್ನಿಂದ ಒಂದು ಜೀವ ಸಾಕು," ಎಂದಳು ಅವಳು, ಮತ್ತು ಬಿಡಲಿಲ್ಲ.

ಅವನು ಒದ್ದ, ಬೈದ, ಹುಟ್ಟಿದಾಗಿನಿಂದ ಅಕ್ಕನ ಮೇಲೆ ಆಡದ ಮಾತೆಲ್ಲ ಆಡಿದ. ಅವಳು ಒಂದು ಕೈಯಿಂದ ಅವನ ಕಾಲು ತಬ್ಬಿಕೊಂಡೇ ಇನ್ನೊಂದರಿಂದ ಚೀಲ ಬುಡಮೇಲು ಮಾಡಿ ಫೋನು ಹುಡುಕಿದಳು. ಬೀಗದ ಕೈ ಟಣ್ಣೆಂದು ಕಲ್ಲಿನ ಮೇಲೆ ಬಿತ್ತು. ಅಗ್ನಿಶಾಮಕದವರಿಗೆ ಗಾಳಿಯ ಹೆಸರು, ಗುಂಡಿಯ ಆಳ, ಆಸಿಡ್ ಎಷ್ಟು ಉಳಿದಿರಬಹುದು, ಎಲ್ಲವನ್ನೂ ಬಿಡಿಸಿ ಹೇಳಿದಳು. ದನಿ ನಡುಗಲಿಲ್ಲ. ಆ ಹೊತ್ತಿನಲ್ಲೂ ತನ್ನ ನಾಲಿಗೆ ಸರಿಯಾದ ಸಂಖ್ಯೆಗಳನ್ನು ಹೇಳುತ್ತಿರುವುದು ಕೇಳಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವರು ಬರಲು ಹದಿಮೂರು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ತಮ್ಮ ಗೋಡೆಯ ಬುಡದಲ್ಲಿ ಕೂತು ಆ ಕೈಯನ್ನು ನೋಡುತ್ತಿದ್ದರು. ಅದು ಮತ್ತೆ ಅಲ್ಲಾಡಲಿಲ್ಲ. ಬೆನ್ನಿಗೆ ಸಿಲಿಂಡರ್ ಕಟ್ಟಿ, ಮುಖಕ್ಕೆ ಗವಸು ಹಾಕಿದ ಇಬ್ಬರು ಇಳಿದು ಮೇಸ್ತ್ರಿಯವರನ್ನು ಎತ್ತಿ ತಂದರು. ಅಂಗಳದಲ್ಲಿ ಮಲಗಿಸಿ ಎದೆ ಒತ್ತಿ ನೋಡಿದರು, ಉಸಿರು ತುಂಬಿ ನೋಡಿದರು. ಆಮೇಲೆ ಒಬ್ಬನು ಆಂಬುಲೆನ್ಸಿನಿಂದ ಬಿಳಿ ಬಟ್ಟೆ ತಂದು ಮುಖದ ಮೇಲೆ ಎಳೆದ. ತಮ್ಮ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. ಅವಳಿಗೆ ಅಳು ಬರಲಿಲ್ಲ, ಬರಬಾರದು ಎಂದೇ ಅವಳಿಗೆ ಅನ್ನಿಸಿತು.

ಬಟ್ಟೆ ಎಳೆಯುವ ಮೊದಲು ಮೇಸ್ತ್ರಿಯವರ ಅಂಗಿಯ ಜೇಬಿನಿಂದ ತೆಗೆದ ಕಾಗದವೊಂದು, ಆಂಬುಲೆನ್ಸಿನ ಹಿಂದೆಯೇ ಬಂದಿದ್ದ ಪೊಲೀಸ್ ಅಧಿಕಾರಿಯ ಕೈಯಲ್ಲಿತ್ತು. ನಾಲ್ಕು ಮಡಿಕೆ, ಬೆವರಿಗೆ ಮೂಲೆ ಒದ್ದೆಯಾಗಿತ್ತು. ಅವನು ಅದನ್ನು ಬಿಡಿಸಿ ತಿರುಗಿಸಿ ನೋಡಿ, ಅರ್ಥವಾಗದೆ, ಗೋಡೆಯ ಹತ್ತಿರ ಬಂದ. ವಾಲ್ವ್ ತೆಗೆಯುವ ಕೆಲಸ ಯಾರದು, ಸೋಡಾ ಕಳ್ಳತನವೂ ಆಗಿದೆ ಅಂತ ಮಾಲೀಕರು ಫೋನಿನಲ್ಲಿ ಹೇಳಿದರಲ್ಲ, ಎಂದು ಕೇಳಿದ. ಆಮೇಲೆ ಕಾಗದ ಮುಂದೆ ಹಿಡಿದ.

"ಇದನ್ನ ಬರೆದಿದ್ದು ಯಾರು?"

"ಸರ್, ಅದು ನಾನು," ಎಂದು ತಮ್ಮ ಎದ್ದು ನಿಂತ. ಕಣ್ಣೀರು ಇನ್ನೂ ಗಲ್ಲದ ಮೇಲಿತ್ತು. "ಸೋಡಾ ತಗೊಂಡಿದ್ದೂ ನಾನೇ, ಎಲ್ಲ ನನ್ನ..."

ಅವಳು ಅವನ ಮೊಣಕೈ ಹಿಡಿದು ಹಿಂದಕ್ಕೆ ಸರಿಸಿದಳು. ಹದಿನಾಲ್ಕು ವಾರ ಅವನು ಹೊತ್ತಿದ್ದು ಸಾಕು.

"ಅವನಿಗೆ ಲೆಕ್ಕ ಬರಲ್ಲ ಸರ್. ಅದು ನನ್ನ ಕೈಬರಹ, ನನ್ನ ಸಹಿ," ಎಂದಳು. "ನಾಲ್ಕನೇ ಸಾಲು ನೋಡಿ. ಅಲ್ಲಿ ಎರಡರಿಂದ ಗುಣಿಸಬೇಕಿತ್ತು."